ಚಿಕಿತ್ಸೆಯ ಕೋಣೆಯಿಂದ ಆಟದ ಅಂಗಳಕ್ಕೆ

ವಿಕಲಚೇತನ ಮಗುವಿಗೆ ಏನು ಬೇಕು ಎಂದರೆ ಗುರುತಿನ ಚೀಟಿ, ಮಾಸಾಶನ, ಗಾಲಿಕುರ್ಚಿ ಎನ್ನುತ್ತೇವೆ. ಆಟ ನಮ್ಮ ಬಾಯಿಗೆ ಬರುವುದೇ ಇಲ್ಲ. ಕಾನೂನು ಮಾತ್ರ ಅದನ್ನು ಮರೆತಿರಲಿಲ್ಲ. ರಿಯಾಯಿತಿ ದರದಲ್ಲಿ, ಆದ್ಯತೆಯ ಮೇಲೆ ಜಮೀನು ಕೊಡಬೇಕಾದ ಉದ್ದೇಶಗಳನ್ನು 1995ರ ಅಂಗವಿಕಲರ ಕಾಯ್ದೆಯ 43ನೇ ಸೆಕ್ಷನ್ ಹೇಳುತ್ತಿತ್ತು. ಮನೆ, ವ್ಯಾಪಾರ, ವಿಶೇಷ ಶಾಲೆಗಳ ಸಾಲಿನಲ್ಲೇ ‘ವಿಶೇಷ ಮನರಂಜನಾ ಕೇಂದ್ರ’ವೂ ಅಲ್ಲಿತ್ತು.

ಆಗ ಚಿಕ್ಕಬಳ್ಳಾಪುರ ಇನ್ನೂ ಕೋಲಾರ ಜಿಲ್ಲೆಯ ಒಂದು ತಾಲ್ಲೂಕು. 2007ರಲ್ಲಿ ಜಿಲ್ಲೆ ಬೇರೆಯಾಗುವವರೆಗೂ ಬಾಗೇಪಲ್ಲಿ, ಗೌರಿಬಿದನೂರಿನವರಿಗೆ ಜಿಲ್ಲಾ ಕಚೇರಿ ಎಂದರೆ ಕೋಲಾರವೇ. ನಡೆಯಲಾಗದ ಮಗುವನ್ನು ಕಂಕುಳಲ್ಲಿ ಹೊತ್ತು ಬಸ್ಸು ಬದಲಿಸುತ್ತಾ ಅಷ್ಟು ದೂರ ಹೋಗುವ ತಾಯಿ ಪ್ರಮಾಣಪತ್ರಕ್ಕಾಗಿ ಹೋಗಬಹುದು. ಆಟದ ಜಾಗ ಕೇಳಲು ಯಾರು ಹೋಗುತ್ತಾರೆ?

ಆಟ ಈ ಮಕ್ಕಳ ಬಳಿಗೆ ಬಂದದ್ದು ಶಿಕ್ಷಣ ಇಲಾಖೆಯ ಹಿಂಬಾಗಿಲಿನಿಂದ. ಸರ್ವ ಶಿಕ್ಷಣ ಅಭಿಯಾನದ ಕಾಲದಲ್ಲಿ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರಗಳಲ್ಲಿ ಫಿಸಿಯೋಥೆರಪಿ, ಶಾಲಾ ಸಿದ್ಧತಾ ಕೇಂದ್ರಗಳು ಶುರುವಾದವು. ಬರಲಾಗದವರಿಗೆ ಗೃಹಾಧಾರಿತ ಶಿಕ್ಷಣ. ಕೋಣೆಯಲ್ಲಿ ಚಾಪೆ, ಹಿಡಿದು ನಡೆಯುವ ಕಂಬಿ, ದೊಡ್ಡ ಚೆಂಡು. ಎಲ್ಲವೂ ವ್ಯಾಯಾಮಕ್ಕೆ ತಂದವು. ಆದರೆ ಚೆಂಡು ಉರುಳಿದರೆ ಮಕ್ಕಳು ಸುಮ್ಮನಿರುತ್ತಾರೆಯೇ? ಹೊರಗೆ ಜಗಲಿಯಲ್ಲಿ ತಾಯಂದಿರಿಗೂ ತಮ್ಮ ಕಷ್ಟ ಹೇಳಿಕೊಳ್ಳಲು ಜೊತೆ ಸಿಕ್ಕಿತು. ಇದನ್ನು ಬರೀ ಚಿಕಿತ್ಸೆಯ ಲೆಕ್ಕಕ್ಕೆ ಬರೆದುಕೊಂಡದ್ದು ನಾವು ಮಾಡಿದ ದೊಡ್ಡ ತಪ್ಪು ಎಂದೇ ನನ್ನ ನಂಬಿಕೆ. ಕಾಲು ಗಟ್ಟಿಯಾಗಲಿ ಎಂದು ಮಾತ್ರ ಆಡಬೇಕಾದ ಮಗು ಯಾವುದೂ ಇಲ್ಲ.

2007ರಲ್ಲೇ ಭಾರತ ಅನುಮೋದಿಸಿದ, ಅಂಗವಿಕಲರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಯ 30ನೇ ವಿಧಿ ಇದನ್ನೇ ಹೇಳುತ್ತದೆ: ಆಟದಲ್ಲಿ, ವಿರಾಮದಲ್ಲಿ ಈ ಮಕ್ಕಳಿಗೆ ಉಳಿದ ಮಕ್ಕಳಷ್ಟೇ ಪಾಲು. ಆಮೇಲೆ ಬಂದದ್ದು 2016ರ ಹಕ್ಕುಗಳ ಕಾಯ್ದೆ. ಜಾರಿಯಾದದ್ದು 2017ರ ಏಪ್ರಿಲ್‌ನಲ್ಲಿ. 7 ಇದ್ದ ವೈಕಲ್ಯದ ಬಗೆಗಳು 21 ಆದವು. 29ನೇ ಸೆಕ್ಷನ್ ಮನರಂಜನಾ ಕೇಂದ್ರಗಳ ಜೊತೆಗೆ ನೃತ್ಯ, ಸ್ಕೌಟ್, ಹೊರಾಂಗಣ ಶಿಬಿರಗಳನ್ನೂ ಹೆಸರಿಸಿತು. 37ನೇ ಸೆಕ್ಷನ್ ರಿಯಾಯಿತಿ ದರದ ಜಮೀನು ಹಂಚಿಕೆಯಲ್ಲಿ ಶೇ 5 ಮೀಸಲಿಟ್ಟು, ಮನರಂಜನಾ ಕೇಂದ್ರವನ್ನೂ ಆ ಉದ್ದೇಶಗಳಲ್ಲಿ ಸೇರಿಸಿತು. ‘ವಿಶೇಷ’ ಎಂಬ ಮಾತು ಮಾತ್ರ ಈ ಸಲ ಬಿಟ್ಟುಹೋಯಿತು. ಇದು ನನಗೆ ಸಣ್ಣ ಸಂಗತಿಯಾಗಿ ಕಾಣುವುದಿಲ್ಲ. ಬೇರೆ ಕಾಂಪೌಂಡ್ ಕಟ್ಟಿ ಕೂರಿಸುವುದು ಒಂದು; ಓಣಿಯ ಮಕ್ಕಳೊಡನೆ ಆಡಿಸುವುದು ಇನ್ನೊಂದು.

ಅದಕ್ಕೆ ಬೇಕಾದದ್ದು ಹೆಚ್ಚೇನಲ್ಲ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು. ಬೆನ್ನಿಗೆ ಆಸರೆ, ಸೊಂಟಕ್ಕೆ ಪಟ್ಟಿ ಇರುವ ಉಯ್ಯಾಲೆ. ಕಣ್ಣು ಕಾಣದವರಿಗೆ ಗೆಜ್ಜೆಯ ಚೆಂಡು. ಗದ್ದಲ ತಡೆಯಲಾಗದ ಆಟಿಸಂ ಇರುವ ಮಗುವಿಗೆ ಒಂದು ಸದ್ದಿಲ್ಲದ ಮೂಲೆ. ನಮ್ಮ ಅಳಗುಳಿಮಣೆಯನ್ನೇ ನೋಡಿ: ಹದಿನಾಲ್ಕು ಗುಳಿ, ಹಿಡಿ ಹುಣಸೆಬೀಜ. ಬೆರಳಿಗೆ ಲೆಕ್ಕ ಸಿಗುತ್ತದೆ, ಕಣ್ಣು ಬೇಕಿಲ್ಲ.

ಆದರೆ ದನ, ಬೈಕು ನುಗ್ಗದಿರಲಿ ಎಂದು ಉದ್ಯಾನಗಳ ಬಾಗಿಲಲ್ಲಿ ನೆಟ್ಟ ಅಡ್ಡಗಂಬ ಗಾಲಿಕುರ್ಚಿಯನ್ನೂ ತಡೆಯುತ್ತದೆ. ಗ್ರಾಮ ಪಂಚಾಯಿತಿಯಲ್ಲಿ ವಿಕಲಚೇತನರಿಗೆಂದು ಶೇ 5ರ ಅನುದಾನವಿದೆ. ಯಾವ ಮನೆಯಲ್ಲಿ ಯಾವ ಮಗುವಿದೆ ಎಂದು ಬಲ್ಲ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ ಇದ್ದಾರೆ. ಮುಂದಿನ ಗ್ರಾಮಸಭೆಯಲ್ಲಿ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಕಂಬ ತೆಗೆಸುವ ಮಾತಿನಿಂದಲೇ ಶುರು ಮಾಡಬಹುದು.