ಒಂದಿಂಚು ನೀರಿನ ಕಾರು

ಸ್ಪೋರ್ಟ್ಸ್ ಕಾರಿನ ಇಂಜಿನ್ ಕಿತ್ತು ಆ ಜಾಗಕ್ಕೆ ಹುಲ್ಲು ಕತ್ತರಿಸುವ ಯಂತ್ರದ ಇಂಜಿನ್ ಕೂರಿಸಿದರೆ ಕಾರಿನ ಹುಚ್ಚಿರುವವರು ಬಾಯಿ ಮುಚ್ಚಿಕೊಂಡು ಇರುತ್ತಾರೆಯೇ? ಸ್ಟಾರ್ಟ್ ಮಾಡಲು ಹಗ್ಗ ಎಳೆಯಬೇಕೋ, ಹಿಂದೆ ಹುಲ್ಲಿನ ಚೀಲ ಉಚಿತವೋ ಎಂದು ಶುರುವಾಗುತ್ತದೆ. ನಮ್ಮ ಕಡೆಯವರಾದರೆ ಇನ್ನೊಂದನ್ನು ಸೇರಿಸುತ್ತಾರೆ: ಗಣಪತಿ ಮೆರವಣಿಗೆಯ ಜನರೇಟರನ್ನು ಡಿಕ್ಕಿಯಲ್ಲೇ ಇಟ್ಟುಕೊಂಡು ಹೊರಟಿದ್ದಾನೆ ಪುಣ್ಯಾತ್ಮ!

ಆ ಕಾರು ನಿಜಕ್ಕೂ ಇತ್ತು. 1979ರಲ್ಲಿ, ಇರಾನ್ ಕ್ರಾಂತಿಯ ಬೆನ್ನಿಗೆ ಅಮೆರಿಕದ ಪೆಟ್ರೋಲ್ ಬಂಕುಗಳ ಮುಂದೆ ಸಾಲು ಬೆಳೆಯುತ್ತಿದ್ದ ಕಾಲದಲ್ಲಿ, ಆರ್ಕನ್ಸಾ ರಾಜ್ಯದ ಸ್ಪ್ರಿಂಗ್‌ಡೇಲ್‌ನ ಒಬ್ಬಾತ ಸುಮಾರು 1,500 ಡಾಲರ್ ಖರ್ಚಿನಲ್ಲಿ ಓಪೆಲ್ ಜಿಟಿ ಎಂಬ ಸ್ಪೋರ್ಟ್ಸ್ ಕಾರೊಂದನ್ನು ಹೈಬ್ರಿಡ್, ಅಂದರೆ ಪೆಟ್ರೋಲ್ ಇಂಜಿನ್ನೂ ವಿದ್ಯುತ್ ಮೋಟರೂ ಎರಡೂ ಇರುವ ಗಾಡಿ, ಮಾಡಿದ. 6 ಅಶ್ವಶಕ್ತಿಯ ಲಾನ್‌ಮೋವರ್ ಇಂಜಿನ್, 400 ಆಂಪಿಯರಿನ ವಿದ್ಯುತ್ ಮೋಟರ್, 6 ವೋಲ್ಟಿನ ಬ್ಯಾಟರಿಗಳ ಸಾಲು. ಸಿಕ್ಕಿತೆನ್ನಲಾದ ಮೈಲೇಜ್ ಗ್ಯಾಲನ್ನಿಗೆ 75 ಮೈಲಿ, ಅಂದರೆ ಲೀಟರಿಗೆ ಸುಮಾರು 32 ಕಿಲೋಮೀಟರ್. 'ಮದರ್ ಅರ್ತ್ ನ್ಯೂಸ್' ಪತ್ರಿಕೆಯ ಓದುಗರು ಅದೇ ನಕ್ಷೆ ಹಿಡಿದು ತಾವೂ ಕಟ್ಟಲು ಕೂತರು. ಹೆಡ್‌ಲೈಟನ್ನು ಸನ್ನೆ ಎಳೆದು ಕೈಯಾರೆ ತಿರುಗಿಸಬೇಕಾದ ಕಾರು ಅದು, ಮೊದಲೇ ವಿಚಿತ್ರ.

ನೂರರ ಆಸುಪಾಸಿನ ಅಶ್ವಶಕ್ತಿಯಿದ್ದ ಜಾಗದಲ್ಲಿ ಆರು. ನಗು ಬರುವುದು ಇಲ್ಲಿ, ಲೆಕ್ಕ ತಪ್ಪುವುದೂ ಇಲ್ಲೇ.

ಕೋಲಾರದ ಕಡೆ ರೈತರನ್ನು ಕೇಳಿ. ಬೋರ್‌ವೆಲ್ಲಿನಲ್ಲಿ ಒಂದಿಂಚು ನೀರು ಬಿದ್ದರೆ ಅದನ್ನು ನೇರವಾಗಿ ಗದ್ದೆಗೆ ಬಿಡುವುದಿಲ್ಲ. ಮೊದಲ ಬದುವಿನಲ್ಲೇ ಇಂಗಿಹೋಗುತ್ತದೆ. ಹೊಂಡಕ್ಕೆ ಬಿಡುತ್ತಾರೆ. ರಾತ್ರಿಯಿಡೀ ತುಂಬಿದ್ದನ್ನು ಬೆಳಿಗ್ಗೆ ದೊಡ್ಡ ಪೈಪಿನಲ್ಲಿ ಹರಿಸುತ್ತಾರೆ. ಬೋರ್‌ವೆಲ್ ದಿನದ ಸರಾಸರಿಗೆ ಸಾಕು, ಹೊಂಡ ಆ ಹೊತ್ತಿನ ಬೇಡಿಕೆಗೆ. ಕಾರಿನಲ್ಲಿ ಬೋರ್‌ವೆಲ್ ಎಂದರೆ ಇಂಜಿನ್, ಹೊಂಡ ಎಂದರೆ ಬ್ಯಾಟರಿ. ಇಷ್ಟೇ ಸೀರೀಸ್ ಹೈಬ್ರಿಡ್. ಇಂಜಿನ್ ತಿರುಗಿಸುವುದು ಜನರೇಟರನ್ನು, ಚಕ್ರ ತಿರುಗಿಸುವುದು ವಿದ್ಯುತ್ ಮೋಟರ್; ಇಂಜಿನ್ನಿಗೂ ಚಕ್ರಕ್ಕೂ ನೇರ ಜೋಡಣೆಯೇ ಇಲ್ಲ, ನಡುವೆ ತಂತಿ ಮಾತ್ರ.

ಸರಾಸರಿ ಎಷ್ಟು? ಬ್ಯಾಟರಿ, ಚಾಲಕ ಎಲ್ಲ ಸೇರಿ 1,100 ಕಿಲೋ ತೂಗುವ ಸಣ್ಣ ಕಾರು ಸಮತಟ್ಟು ರಸ್ತೆಯಲ್ಲಿ ಗಂಟೆಗೆ 50 ಕಿಲೋಮೀಟರಿನಲ್ಲಿ ಹೋಗುತ್ತಿದೆ ಎನ್ನಿ. ಟೈರಿನ ಉರುಳು ಪ್ರತಿರೋಧ ಸುಮಾರು 130 ನ್ಯೂಟನ್, ಗಾಳಿಯದ್ದು 70. ಎರಡೂ ಸೇರಿ ಚಕ್ರದಲ್ಲಿ ಬೇಕಾಗುವುದು 2.8 ಕಿಲೋವ್ಯಾಟ್. ನಾಲ್ಕು ಅಶ್ವಶಕ್ತಿಯೂ ಆಗಲಿಲ್ಲ! ನಮ್ಮ ಆರು ಅಶ್ವಶಕ್ತಿ, ಅಂದರೆ 4.5 ಕಿಲೋವ್ಯಾಟ್, ಜನರೇಟರಿನಲ್ಲೂ ಮೋಟರಿನಲ್ಲೂ ಸವೆದು ಚಕ್ರ ಮುಟ್ಟುವಾಗ 3 ಉಳಿಯುತ್ತದೆ. ಸಾಕು. 80ಕ್ಕೆ ಹೋದರೆ ಮಾತು ಬೇರೆ, ಏಕೆಂದರೆ ಗಾಳಿಗೆ ತೆರುವ ಶಕ್ತಿ ವೇಗದ ಘನದಂತೆ ಏರುತ್ತದೆ. ಆಗ ಚಕ್ರಕ್ಕೆ ಸುಮಾರು 7 ಕಿಲೋವ್ಯಾಟ್ ಬೇಕು. 12 ಸೆಕೆಂಡಿನಲ್ಲಿ 60ರ ವೇಗ ಮುಟ್ಟಬೇಕೆಂದರೆ 12ರಿಂದ 13. ಆ ಕೊರತೆಯನ್ನೆಲ್ಲ ತುಂಬುವುದು ಹೊಂಡ.

ಹೀಗಾದರೆ ದೊಡ್ಡ ಇಂಜಿನ್ನನ್ನೇ ಮೆಲ್ಲಗೆ ಓಡಿಸಿದರಾಗದೇ? ಆಗುತ್ತದೆ, ಪೆಟ್ರೋಲ್ ಉಳಿಯುವುದಿಲ್ಲ. ತಪ್ಪಿತಸ್ಥ ಥ್ರಾಟಲ್ ಎಂಬ ಪುಟ್ಟ ತಗಡು. ಪೆಟ್ರೋಲ್ ಇಂಜಿನ್ನಿನ ಶಕ್ತಿ ಕಡಿಮೆ ಮಾಡುವ ದಾರಿ ಎಂದರೆ ಅದರ ಉಸಿರು ಕಟ್ಟುವುದು. ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಆ ತಗಡು ಅಡ್ಡ ತಿರುಗುತ್ತದೆ. ಹೊರಗೆ ಗಾಳಿಯ ಒತ್ತಡ 100 ಕಿಲೋಪಾಸ್ಕಲ್ ಇದ್ದರೆ ಒಳಗೆ 40ರ ಸುತ್ತ. ಪಿಸ್ಟನ್ ಪ್ರತಿ ಸಲ ಕೆಳಗಿಳಿಯುವಾಗಲೂ ಆ ನಿರ್ವಾತದ ವಿರುದ್ಧ ಜಗ್ಗಬೇಕು. ಮೂಗು ಹಿಡಿದುಕೊಂಡು ಓಡಿ ನೋಡಿ, ಗೊತ್ತಾಗುತ್ತದೆ. ಅಥವಾ ಎಳನೀರಿನ ಸ್ಟ್ರಾವನ್ನು ಅರ್ಧ ಚಿವುಟಿ ಹೀರಿ: ಬರುವುದು ಗುಟುಕು, ಸೋಲುವುದು ಕೆನ್ನೆ. ಇದರ ಜೊತೆಗೆ ನಾಲ್ಕು ಪಿಸ್ಟನ್ನಿನ ಉಜ್ಜಾಟ, ದೊಡ್ಡ ಲೋಹದ ಮೈಗೆ ಸೋರುವ ಶಾಖ. ನೀವು 40 ಕಿಲೋವ್ಯಾಟಿನ ಬದಲು 4 ಕೇಳಿದರೂ ಇವು ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ. ಮದುವೆಮನೆಯ ಹಂಡೆಯಲ್ಲಿ ಒಂದು ಲೋಟ ಕಾಫಿ ಬಿಸಿ ಮಾಡಿದಂತೆ; ಸೌದೆಯೆಲ್ಲ ಹಂಡೆ ಕಾಯಿಸಲಿಕ್ಕೇ ಹೋಯಿತು. ಅಷ್ಟು ಕಡಿಮೆ ಹೊರೆಯಲ್ಲಿ ದೊಡ್ಡ ಇಂಜಿನ್ನಿನ ದಕ್ಷತೆ ಶೇಕಡ 10-12ಕ್ಕೆ ಕುಸಿಯುವುದುಂಟು. ಲಾನ್‌ಮೋವರಿನ ಒರಟು ಇಂಜಿನ್ ಥ್ರಾಟಲ್ ಪೂರಾ ತೆರೆದು ಒಂದೇ ವೇಗದಲ್ಲಿ ಓಡಿದರೆ ಶೇಕಡ 20ರ ಹತ್ತಿರ ಕೊಡುತ್ತದೆ. ಅದು ಜಾಣ ಇಂಜಿನ್ ಅಲ್ಲ, ಮೈಮುರಿದು ದುಡಿಯುವ ಇಂಜಿನ್.

ಐಡಿಯಾ ಹೊಸದೂ ಅಲ್ಲ. 1900ರಲ್ಲೇ ಫರ್ಡಿನಾಂಡ್ ಪೋರ್ಷೆ ವಿಯೆನ್ನಾದ ಲೋನರ್ ಕಂಪನಿಗಾಗಿ 'ಸೆಂಪರ್ ವಿವಸ್' ಎಂಬ ಗಾಡಿ ಮಾಡಿದ್ದ. ಲ್ಯಾಟಿನ್ನಿನಲ್ಲಿ 'ಸದಾ ಜೀವಂತ' ಎಂದರ್ಥ. ಎರಡು ಪುಟ್ಟ ದ ದಿಯಾನ್-ಬೂತೋನ್ ಇಂಜಿನ್‌ಗಳು, ಎರಡು ಜನರೇಟರ್‌ಗಳು, ಮುಂದಿನ ಚಕ್ರಗಳ ಗುಂಬದಲ್ಲೇ ಮೋಟರ್. ಬಹುಪಾಲು ಡೀಸೆಲ್ ರೈಲು ಇಂಜಿನ್‌ಗಳೂ ಇದೇ ಜಾತಿ: ಡೀಸೆಲ್ ತಿರುಗಿಸುವುದು ಜನರೇಟರನ್ನು, ಚಕ್ರ ತಿರುಗಿಸುವುದು ಮೋಟರ್. ಹೊಂಡವೊಂದಿಲ್ಲ, ಅಷ್ಟೇ. ಅದನ್ನು ನೋಡಿ ಯಾರೂ ನಗುವುದಿಲ್ಲ.

ನಗಬೇಕಾದ ಗಾಡಿ ಬೇರೆಯಿದೆ, ಅದಕ್ಕೆ ಜನ ಚಪ್ಪಾಳೆ ತಟ್ಟುತ್ತಾರೆ. ಎಲೆಕ್ಟ್ರಿಕ್ ಬೈಕಿನ ಹಿಂದಿನ ಚಕ್ರಕ್ಕೆ ಬೆಲ್ಟ್ ಹಾಕಿ ಕಾರಿನ ಆಲ್ಟರ್ನೇಟರ್ (ಬ್ಯಾಟರಿ ತುಂಬುವ ಪುಟ್ಟ ಜನರೇಟರ್) ಕಟ್ಟಿ, 'ಓಡಿದಷ್ಟೂ ತಾನೇ ಚಾರ್ಜ್ ಆಗುತ್ತದೆ' ಎನ್ನುವ ವಿಡಿಯೊ ಮೂರು ತಿಂಗಳಿಗೊಮ್ಮೆ ಎದ್ದು ಬರುತ್ತದೆ. ಚಕ್ರದಿಂದ 100 ಪಾಲು ಶಕ್ತಿ ತೆಗೆಯಿರಿ. ಬೆಲ್ಟಿನಲ್ಲಿ 95 ಉಳಿಯಿತು. ಆಲ್ಟರ್ನೇಟರ್ ದಕ್ಷತೆ ಶೇಕಡ 60 ಎಂದರೆ 57. ಲೆಡ್ ಆ್ಯಸಿಡ್ ಬ್ಯಾಟರಿಗೆ ಹಾಕಿ ತೆಗೆಯುವಾಗ 46. ಮೋಟರ್ ದಾಟಿ ಚಕ್ರಕ್ಕೆ ಮರಳಿದ್ದು 39. ಎಡಜೇಬಿನಿಂದ ಬಲಜೇಬಿಗೆ ದುಡ್ಡು ಸಾಗಿಸಲು ದಲ್ಲಾಳಿಗೆ ನೂರಕ್ಕೆ 61 ಕೊಟ್ಟ ಹಾಗೆ. ಬ್ರೇಕ್ ಒತ್ತುವಾಗ ಮಾತ್ರ ಇದು ಲಾಭ, ಏಕೆಂದರೆ ಹೇಗೂ ಬಿಸಿಯಾಗಿ ಹಾಳಾಗಲಿದ್ದ ಶಕ್ತಿ ಅದು. 39 ಬಂದರೂ ಬಂತು. ಉಳಿದ ಹೊತ್ತಿನಲ್ಲಿ ಆಲ್ಟರ್ನೇಟರ್ ಎಂದರೆ ಸದಾ ಒತ್ತಿಹಿಡಿದ ಬ್ರೇಕು. 'ತೈಲ ಕಂಪನಿಗಳು ಮುಚ್ಚಿಟ್ಟ ರಹಸ್ಯ' ಎಂಬ ಮಾತು ಇದರ ಜೊತೆ ಬಂದೇ ಬರುತ್ತದೆ. ರಹಸ್ಯವಿದ್ದರೆ ಅದು ಸೀಟಿನ ಕೆಳಗೆ ಅಡಗಿಸಿಟ್ಟ ಎರಡನೇ ಬ್ಯಾಟರಿ.

ಓಪೆಲ್ ಮಾದರಿಯದನ್ನು ಕಟ್ಟಹೊರಟವರು ಸೋಲುವುದು ಭೌತಶಾಸ್ತ್ರದಲ್ಲಲ್ಲ, ಬೋಲ್ಟಿನಲ್ಲಿ. 6 ವೋಲ್ಟಿನ ಎಂಟು ಬ್ಯಾಟರಿ ಸಾಲಾಗಿಟ್ಟರೆ 48 ವೋಲ್ಟ್. ಬೆಂಗಳೂರಿನ ರೇವಾ ಕಾರು 2001ರಲ್ಲಿ ಬಂದಾಗ ಅದರ ಸೀಟಿನಡಿಯೂ ಇದೇ ಎಂಟು ಇದ್ದವು. ವೋಲ್ಟೇಜ್ ಕಡಿಮೆಯಾದ್ದರಿಂದ ಕರೆಂಟು ರಾಕ್ಷಸನಂತೆ ಹರಿಯುತ್ತದೆ. 400 ಆಂಪಿಯರ್ ಹರಿಯುವಾಗ ಸರಿಯಾಗಿ ಒತ್ತದ ಒಂದು ಲಗ್‌ನಲ್ಲಿ (ಕೇಬಲ್ ತುದಿಯ ಲೋಹದ ಕಿವಿ) 2 ಮಿಲಿಓಮ್ ತಡೆ ಇದ್ದರೆ ಅಲ್ಲಿ ಹುಟ್ಟುವ ಶಾಖ 320 ವ್ಯಾಟ್. ಹತ್ತು ಮಿಲಿಮೀಟರ್ ಬೋಲ್ಟಿನ ಮೇಲೆ ಸಣ್ಣ ಇಸ್ತ್ರಿಪೆಟ್ಟಿಗೆ! ಮೊದಲು ಕೇಬಲ್ಲಿನ ಪ್ಲಾಸ್ಟಿಕ್ ಹೊಳಪು ಕಳೆದುಕೊಂಡು ಕಂದು ತಿರುಗುತ್ತದೆ, ಆಮೇಲೆ ಬ್ಯಾಟರಿಯ ಸೀಸದ ಕಂಬವೇ ಮೆತ್ತಗಾಗಿ ಬೋಲ್ಟ್ ಸಡಿಲವಾಗುತ್ತದೆ, ಸಡಿಲವಾದಷ್ಟೂ ಬಿಸಿ. 70 ಚದರ ಮಿಲಿಮೀಟರ್ ತಾಮ್ರದ ಕೇಬಲ್, ಹೈಡ್ರಾಲಿಕ್ ಯಂತ್ರದಲ್ಲಿ ಅದುಮಿ ಕೂರಿಸಿದ ಲಗ್, ಬ್ಯಾಟರಿಗೆ ಅಂಟಿದಂತೆ ಡಿಸಿ (ಒಂದೇ ದಿಕ್ಕಿನಲ್ಲಿ ಹರಿಯುವ ಬ್ಯಾಟರಿ ಕರೆಂಟು) ಫ್ಯೂಸ್ ಇರಲೇಬೇಕು. ಮನೆಯ ಎಸಿ ಕರೆಂಟಿನ ಸ್ವಿಚ್ಚನ್ನು ಇಲ್ಲಿ ಹಾಕಿದರೆ ಡಿಸಿಯ ಕಿಡಿ ಸುಲಭಕ್ಕೆ ಆರುವುದಿಲ್ಲ. ಸ್ವಿಚ್ಚಿನ ತುದಿಗಳು ಬೆಸೆದುಕೊಂಡರೆ ಗಾಡಿ ನಿಲ್ಲುವುದಿಲ್ಲ.

ಇನ್ನು ಗುಜರಿ ಮೋಟರ್. ವಿಮಾನದ ಸ್ಟಾರ್ಟರ್-ಜನರೇಟರನ್ನು ಹವ್ಯಾಸಿಗಳು ಮುಗಿಬಿದ್ದು ಕೊಳ್ಳುತ್ತಿದ್ದರು. ಆದರೆ ಅದರ ಪೂರ್ತಿ ಆಂಪಿಯರ್ ಲೆಕ್ಕ ಗಾಳಿಯ ಬಲವಾದ ಹೊಡೆತ ಇರುತ್ತದೆಂದು ನಂಬಿ ಬರೆದದ್ದು. ಕಾರಿನಲ್ಲಿ ಬ್ಲೋಯರ್ ಇಲ್ಲದೆ, ನಿಧಾನ ವೇಗದಲ್ಲಿ, ಘಟ್ಟ ಹತ್ತಿಸಿದರೆ ಮೋಟರಿನ ತಿರುಗುವ ಭಾಗಕ್ಕೆ ಕರೆಂಟು ದಾಟಿಸುವ ಬ್ರಷ್ಷೂ ಕಮ್ಯುಟೇಟರೂ ಕಾದು ಸುಡುವ ವಾಸನೆ ಮೊದಲು ಬರುತ್ತದೆ. ಗಾಳಿಯಿಂದ ತಣಿಯುವ ಲಾನ್‌ಮೋವರ್ ಇಂಜಿನ್ನಿನದ್ದೂ ಅದೇ ಪಾಡು: ಬಾನೆಟ್ಟಿನೊಳಗೆ ತಾನು ಬಿಟ್ಟ ಬಿಸಿಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ. ತಗಡಿನ ಕೊಳವೆ ಮಾಡಿ ತಣ್ಣನೆ ಗಾಳಿ ಒಂದು ದಾರಿ, ಬಿಸಿ ಇನ್ನೊಂದು ದಾರಿ ಎಂದು ಬೇರ್ಪಡಿಸಬೇಕು. ಹೊಗೆ ಕೊಳವೆ ಹಿಂದಿನ ಬಂಪರಿನಾಚೆಗೆ ಹೋಗಬೇಕು, ಇಲ್ಲವಾದರೆ ಕಾರ್ಬನ್ ಮೊನಾಕ್ಸೈಡ್ ವಾಸನೆ ಕೊಡದೆಯೇ ಒಳಗೆ ಬಂದು ಕೂರುತ್ತದೆ. ಚಾರ್ಜಿಂಗ್ ವೋಲ್ಟೇಜನ್ನು 57.6ಕ್ಕೆ, ಅಂದರೆ ಬ್ಯಾಟರಿಗೆ ಮೂರರಂತೆ 24 ಸೆಲ್ಲಿಗೆ ತಲಾ 2.4 ವೋಲ್ಟಿನಂತೆ, ಕಟ್ಟಿಹಾಕದಿದ್ದರೆ ಬ್ಯಾಟರಿ ಕುದಿದು ಹೈಡ್ರೋಜನ್ ಬಿಡುತ್ತದೆ. ಪೆಟ್ಟಿಗೆಗೆ ಹೊರಕ್ಕೆ ಉಸಿರುಗೊಳವೆ ಇಲ್ಲದಿದ್ದರೆ ಕಾಂಟ್ಯಾಕ್ಟರಿನ (ಕರೆಂಟು ಜೋಡಿಸಿ ಕಡಿಯುವ ದೊಡ್ಡ ಸ್ವಿಚ್ಚು) ಒಂದು ಕಿಡಿ ಸಾಕು. ಎಂಟು ಬ್ಯಾಟರಿಗೆ ತಲಾ 30 ಕಿಲೋ ಎಂದರೂ 240 ಕಿಲೋ; ಹಳೆಯ ಸ್ಪ್ರಿಂಗುಗಳನ್ನೂ ಬ್ರೇಕುಗಳನ್ನೂ ಹಾಗೇ ಬಿಟ್ಟವರು ಮೊದಲ ಇಳಿಜಾರಿನಲ್ಲಿ ದೇವರ ಹೆಸರು ಹೇಳುತ್ತಾರೆ. ನಮ್ಮಲ್ಲಿ ಇದನ್ನು ರಸ್ತೆಗೆ ಇಳಿಸುವಂತೆಯೂ ಇಲ್ಲ: ವಾಹನದ ಮೂಲ ರೂಪ ಬದಲಿಸುವುದಕ್ಕೆ ಕಡಿವಾಣ ಹಾಕುವ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಅಡ್ಡ ಬರುತ್ತದೆ, ಹೈಬ್ರಿಡ್ ಕಿಟ್ ಹಾಕಬೇಕಾದರೆ ಎಐಎಸ್-123 ಎಂಬ ವಾಹನ ಮಾನದಂಡದ ಪ್ರಕಾರ ಪರೀಕ್ಷೆಯಾದದ್ದೇ ಆಗಬೇಕು.

ಕೊನೆಗೆ ಆ 32 ಕಿಲೋಮೀಟರ್. 50ರ ವೇಗದಲ್ಲಿ ಒಂದು ಕಿಲೋಮೀಟರಿಗೆ ಚಕ್ರಕ್ಕೆ ಬೇಕಾದದ್ದು 56 ವ್ಯಾಟ್-ಅವರ್. ಮೋಟರಿನ ಮುಂದೆ ಅದು 66, ಜನರೇಟರಿನ ಮುಂದೆ 82, ಶೇಕಡ 20ರ ಇಂಜಿನ್ನಿನಲ್ಲಿ ಪೆಟ್ರೋಲಾಗಿ 410. ಒಂದು ಲೀಟರಿನಲ್ಲಿರುವುದು ಸುಮಾರು 8,900. ಅಲ್ಲಿಗೆ ಸಿಗುವುದು 22 ಕಿಲೋಮೀಟರ್. 32 ಬರಬೇಕಾದರೆ ವಿದ್ಯುತ್ತಿನ ಮೂರನೇ ಒಂದು ಪಾಲು ಬ್ಯಾಟರಿಯಿಂದ ಬಂದು, ಅದನ್ನು ಆಮೇಲೆ ಮನೆಯ ಪ್ಲಗ್ಗಿನಿಂದ ತುಂಬಿರಬೇಕು. ಅದು ಮೋಸವಲ್ಲ, ಆದರೆ ಪೆಟ್ರೋಲಿನ ಲೆಕ್ಕವೂ ಅಲ್ಲ. ಯಾರೇ ಮನೆಯಲ್ಲಿ ಕಟ್ಟಿದ ಹೈಬ್ರಿಡ್ಡಿನ ಮೈಲೇಜ್ ಹೇಳಿದರೂ ಬ್ಯಾಟರಿ ಆ್ಯಸಿಡ್ಡಿನ ಸಾಂದ್ರತೆ ಅಳೆಯುವ ಒಂದು ಹೈಡ್ರೋಮೀಟರ್ ಕೈಗೆ ಕೊಡಿ. ಹೊರಡುವ ಮುನ್ನ ಪ್ರತಿ ಸೆಲ್ಲಿನ ಆ್ಯಸಿಡ್ 1.265, ಅಂದರೆ ಪೂರ್ತಿ ಚಾರ್ಜ್, ತೋರಿಸಲಿ, ಟ್ಯಾಂಕ್ ಕತ್ತಿನವರೆಗೆ ತುಂಬಿರಲಿ. ನೂರು ಕಿಲೋಮೀಟರ್ ಸುತ್ತಿ ಬಂದ ಮೇಲೆ ಗಾಡಿ ನಿಲ್ಲಿಸಿ, ಪ್ಲಗ್ ಮುಟ್ಟದೆ, ಆ ಪುಟ್ಟ ಇಂಜಿನ್ನನ್ನೇ ಓಡಿಸಿ ಎಲ್ಲ 24 ಸೆಲ್ಲುಗಳನ್ನೂ ಮತ್ತೆ 1.265ಕ್ಕೆ ತರಲಿ. ಆಮೇಲೆ ಟ್ಯಾಂಕ್ ತುಂಬಿಸಿ ಲೀಟರ್ ಎಣಿಸಲಿ.