ಅಂಕಣ ಆಯ್ಕೆ, ಬಹು ಕರ್ಸರ್: 31 ಜಿಲ್ಲೆಗಳ ಪಟ್ಟಿ ಹಿಡಿದು ಕಲಿತದ್ದು

ಕರ್ನಾಟಕದ 31 ಜಿಲ್ಲೆಗಳ ಹೆಸರು ಸಾಲಿಗೊಂದರಂತೆ ಒಂದು ಫೈಲಿನಲ್ಲಿವೆ ಅಂದುಕೊಳ್ಳಿ. ಅದನ್ನು ಜೇಸನ್ (ದತ್ತಾಂಶ ಬರೆದಿಡುವ ಒಂದು ವಿನ್ಯಾಸ, JSON) ಪಟ್ಟಿ ಮಾಡಬೇಕು. ಅಂದರೆ ಪ್ರತಿ ಹೆಸರಿನ ಎರಡೂ ಕಡೆ ಉದ್ಧರಣ ಚಿಹ್ನೆ, ಕೊನೆಗೊಂದು ಅಲ್ಪವಿರಾಮ. ಒಂದೊಂದೇ ಸಾಲಿಗೆ ಹೋಗಿ ಹಾಕುತ್ತ ಕೂತರೆ ಕೆಲಸ ಮುಗಿಯುತ್ತದೆ, ನಿಜ. ಆದರೆ ಹದಿನೆಂಟನೇ ಸಾಲಿನ ಹೊತ್ತಿಗೆ ಒಂದು ಚಿಹ್ನೆ ತಪ್ಪಿರುತ್ತದೆ. ಈ ಒಂದೇ ಉದಾಹರಣೆಯನ್ನು ಕೈಗೆತ್ತಿಕೊಂಡರೆ ಬಹು ಕರ್ಸರಿನ, ಅಂದರೆ ಒಂದೇ ಸಲಕ್ಕೆ ಹಲವು ಕಡೆ ಟೈಪಿಸುವುದರ, ಮುಕ್ಕಾಲು ಪಾಠ ಆಗಿಬಿಡುತ್ತದೆ. ಕೀಗಳನ್ನು ವಿಎಸ್ ಕೋಡ್ ಎಂಬ ಎಡಿಟರಿನ (ಕೋಡ್, ಪಠ್ಯ ಬರೆಯುವ ತಂತ್ರಾಂಶ) ವಿಂಡೋಸ್ ಆವೃತ್ತಿಯ ಪ್ರಕಾರ ಬರೆದಿದ್ದೇನೆ, ಬೇರೆ ಎಡಿಟರುಗಳ ಮಾತು ಕೊನೆಯಲ್ಲಿದೆ.

ಎಲ್ಲ ಸಾಲುಗಳನ್ನೂ ಆಯ್ದುಕೊಂಡು ಶಿಫ್ಟ್+ಆಲ್ಟ್+ಐ ಒತ್ತಿ. ಪ್ರತಿ ಸಾಲಿನ ತುದಿಯಲ್ಲೂ ಒಂದೊಂದು ಕರ್ಸರ್ ಮಿನುಗುತ್ತದೆ. ಈಗ ಶಿಫ್ಟ್+ಹೋಮ್ ಒತ್ತಿದರೆ ಪ್ರತಿ ಹೆಸರೂ ಪ್ರತ್ಯೇಕವಾಗಿ ಆಯ್ಕೆಯಾಗುತ್ತದೆ. ಉದ್ಧರಣ ಚಿಹ್ನೆಯನ್ನು ಒಮ್ಮೆ ಒತ್ತಿ. ಜೇಸನ್ ಫೈಲಿನಲ್ಲಿ ಎಡಿಟರ್ ಅದನ್ನು ಹೆಸರಿನ ಎರಡೂ ಬದಿಗೆ ತಾನೇ ಸುತ್ತುತ್ತದೆ. ನಂತರ ಎಂಡ್ ಕೀ, ಅಲ್ಪವಿರಾಮ, ಎಸ್ಕೇಪ್. ಕಟ್ಟಕಡೆಯ ಸಾಲಿನ ಅಲ್ಪವಿರಾಮವನ್ನು ಮಾತ್ರ ಕೈಯಾರೆ ಅಳಿಸಬೇಕು, ಜೇಸನ್‌ಗೆ ಅದು ಆಗಿಬರುವುದಿಲ್ಲ.

"ಬೀದರ್",
"ಉತ್ತರ ಕನ್ನಡ",
"ರಾಯಚೂರು"

ಇಲ್ಲಿ ಹೋಮ್, ಎಂಡ್ ಕೀಗಳನ್ನೇ ಏಕೆ ಬಳಸಿದೆವು? ಕರ್ಸರುಗಳು 31 ಇದ್ದರೂ ನೀವು ಒತ್ತುವ ಕೀ ಒಂದೇ. ಎಲ್ಲ ಕರ್ಸರುಗಳೂ ಅದೇ ಆಜ್ಞೆಯನ್ನು ತಂತಮ್ಮ ಸಾಲಿನಲ್ಲಿ ಪಾಲಿಸುತ್ತವೆ. ಬಲಬಾಣವನ್ನು ಐದು ಸಲ ಒತ್ತಿದರೆ ಎಲ್ಲವೂ ಐದೈದು ಹೆಜ್ಜೆ ಹೋಗುತ್ತವೆ, ಒಂದು ಸಾಲಿನಲ್ಲಿ ಹೆಸರಿನ ನಡುವೆ, ಇನ್ನೊಂದರಲ್ಲಿ ಹೆಸರು ದಾಟಿ ಮುಂದಿನ ಸಾಲಿಗೆ. ಕಂಟ್ರೋಲ್+ಬಲಬಾಣ ಒತ್ತಿ ಪದದಿಂದ ಪದಕ್ಕೆ ಜಿಗಿಯುವುದು ಸ್ವಲ್ಪ ವಾಸಿ. ಅದೂ ನಮ್ಮ ಪಟ್ಟಿಯಲ್ಲಿ ಕೈಕೊಡುತ್ತದೆ, ಏಕೆಂದರೆ ಬೆಂಗಳೂರು ನಗರ, ಉತ್ತರ ಕನ್ನಡ, ದಕ್ಷಿಣ ಕನ್ನಡದಂಥ ಕೆಲವು ಹೆಸರುಗಳಿಗೆ ಎರಡೆರಡು ಪದ. ಉಳಿದ ಸಾಲುಗಳಲ್ಲಿ ಕರ್ಸರ್ ತುದಿಗೆ ಬಂದಾಗ ಇವುಗಳಲ್ಲಿ ನಡುವೆಯೇ ನಿಂತಿರುತ್ತದೆ. ಸಾಲಿನ ಆದಿ, ಸಾಲಿನ ಅಂತ್ಯ ಎಲ್ಲ ಸಾಲಿಗೂ ಸಮಾನ. ಬಹು ಕರ್ಸರಿನಲ್ಲಿ ಯಾವ ಕೀ ಒತ್ತುವ ಮೊದಲೂ ನಾನು ಕೇಳಿಕೊಳ್ಳುವ ಪ್ರಶ್ನೆ ಇದೊಂದೇ: ಈ ಚಲನೆ ಎಲ್ಲ ಸಾಲಿನಲ್ಲೂ ಒಂದೇ ಅರ್ಥ ಕೊಡುತ್ತದೆಯೇ?

ಅಕ್ಕಪಕ್ಕದ ಎರಡು ಮೂರು ಸಾಲಿಗಷ್ಟೇ ಬೇಕಿದ್ದರೆ ಕಂಟ್ರೋಲ್+ಆಲ್ಟ್ ಹಿಡಿದು ಮೇಲಿನ ಅಥವಾ ಕೆಳಗಿನ ಬಾಣ ಒತ್ತಿದರೆ ಸಾಕು. ಮ್ಯಾಕ್‌ನಲ್ಲಿ ಆಪ್ಶನ್+ಕಮಾಂಡ್. ವಿಂಡೋಸಿನ ಕೆಲವು ಹಳೆಯ ಗ್ರಾಫಿಕ್ಸ್ ಡ್ರೈವರುಗಳು ಇದೇ ಕೀಗಳಿಗೆ ಪರದೆಯನ್ನೇ ತಲೆಕೆಳಗು ಮಾಡುತ್ತವೆ. ಗಾಬರಿ ಬೇಡ, ಮೇಲಿನ ಬಾಣ ಒತ್ತಿದರೆ ನೆಟ್ಟಗಾಗುತ್ತದೆ. ಚದುರಿದ ಜಾಗಗಳಿಗಾದರೆ ಆಲ್ಟ್ ಹಿಡಿದು ಕ್ಲಿಕ್. ಒಂದು ಕರ್ಸರ್ ತಪ್ಪಾಗಿ ಬಿತ್ತೇ? ಎಲ್ಲವನ್ನೂ ಬಿಟ್ಟು ಮೊದಲಿನಿಂದ ಶುರು ಮಾಡಬೇಕಿಲ್ಲ, ಕಂಟ್ರೋಲ್+ಯು ಕೊನೆಯ ಕರ್ಸರನ್ನಷ್ಟೇ ಹಿಂಪಡೆಯುತ್ತದೆ. ಈ ಕೀ ಗೊತ್ತಿರುವವರು ಕಡಿಮೆ.

ಕಂಟ್ರೋಲ್+ಡಿ ಎಲ್ಲರಿಗೂ ಗೊತ್ತು: ಪದದ ಮುಂದಿನ ಪ್ರತಿಯನ್ನೂ ಆಯ್ಕೆಗೆ ಸೇರಿಸುತ್ತದೆ. ಅದರಲ್ಲೊಂದು ಸೂಕ್ಷ್ಮವಿದೆ. ಕರ್ಸರನ್ನು ಪದದ ಮೇಲೆ ಸುಮ್ಮನೆ ಇಟ್ಟು ಕಂಟ್ರೋಲ್+ಡಿ ಒತ್ತಿದರೆ ಎಡಿಟರ್ ಇಡೀ ಪದಗಳನ್ನು ಮಾತ್ರ ಹುಡುಕುತ್ತದೆ. ನೀವೇ ಎಳೆದು ಆಯ್ಕೆ ಮಾಡಿ ಒತ್ತಿದರೆ ಆ ಅಕ್ಷರಗಳು ಬೇರೆ ಪದದ ಹೊಟ್ಟೆಯೊಳಗಿದ್ದರೂ ಹಿಡಿಯುತ್ತದೆ. "ಕನ್ನಡ" ಎಂಬುದನ್ನು ಎಳೆದು ಆಯ್ದು ಮುಂದುವರಿದರೆ "ಕನ್ನಡಿ"ಯೂ ಬಲೆಗೆ ಬೀಳುತ್ತದೆ. ಯೂನಿಕೋಡಿನ (ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಕೇತ ಕೊಡುವ ಪದ್ಧತಿ) ಲೆಕ್ಕದಲ್ಲಿ ಅದು "ಕನ್ನಡ" ಮತ್ತು ಒಂದು ಗುಡಿಸು ತಾನೆ. ಅಲ್ಲಿ "ತುಳು" ಎಂದು ಟೈಪಿಸಿದಿರೋ, ಅನಾಥವಾದ ಗುಡಿಸು ತುಳುವಿನ ಬಾಲಕ್ಕೆ ಅಂಟಿಕೊಳ್ಳುತ್ತದೆ. ಬೇಡದ ಪ್ರತಿ ಸಿಕ್ಕಿದಾಗ ಕಂಟ್ರೋಲ್+ಕೆ, ಆಮೇಲೆ ಕಂಟ್ರೋಲ್+ಡಿ ಒತ್ತಿದರೆ ಅದನ್ನು ಬಿಟ್ಟು ಮುಂದಿನದಕ್ಕೆ ಹೋಗುತ್ತದೆ. ಎಲ್ಲವನ್ನೂ ಒಟ್ಟಿಗೆ ಹಿಡಿಯಲು ಕಂಟ್ರೋಲ್+ಶಿಫ್ಟ್+ಎಲ್ ಇದೆ. ಪರದೆಯಾಚೆ ಏನೇನು ಸಿಕ್ಕಿಕೊಂಡಿದೆ ಎಂದು ಕಾಣುವುದಿಲ್ಲವಾದ್ದರಿಂದ ದೊಡ್ಡ ಫೈಲಿನಲ್ಲಿ ನಾನು ಅದನ್ನು ಮುಟ್ಟುವುದಿಲ್ಲ.

ಪೇಸ್ಟ್ ಮಾಡುವಾಗಿನ ಲೆಕ್ಕ ನನಗೆ ಪೆಟ್ಟು ತಿಂದು ಬಂದದ್ದು. 31 ಕರ್ಸರ್ ಇಟ್ಟು, ಬೇರೆ ಕಡೆಯಿಂದ ನಕಲಿಸಿದ 31 ಸಾಲುಗಳನ್ನು ಅಂಟಿಸಿದರೆ ಕರ್ಸರಿಗೊಂದು ಸಾಲಿನಂತೆ ಹಂಚಿಕೆಯಾಗುತ್ತದೆ. ಜಿಲ್ಲೆಯ ಪಕ್ಕ ಅದರ ಸಂಕೇತ ಸಂಖ್ಯೆ ಕೂರಿಸಲು ಇದಕ್ಕಿಂತ ಸುಲಭದ ದಾರಿಯಿಲ್ಲ. ಎಣಿಕೆ ಹೊಂದದಿದ್ದರೆ ಮಾತ್ರ ಪ್ರತಿ ಕರ್ಸರಿನಲ್ಲೂ ಇಡೀ ಪಠ್ಯ ಬಂದು ಬೀಳುತ್ತದೆ. ನಾನು ನಕಲಿಸಿದ್ದರ ನಡುವೆ ಒಂದು ಖಾಲಿ ಸಾಲಿತ್ತು. 31 ಗುಣಿಸು 32, ಕಣ್ಣೆದುರು 992 ಸಾಲು. ಅಂಟಿಸುವ ಮುನ್ನ ಕೆಳಗಿನ ಸ್ಟೇಟಸ್ ಪಟ್ಟಿಯಲ್ಲಿ ಎಷ್ಟು ಆಯ್ಕೆ ಇವೆ ಎಂದು ನೋಡುವ ಅಭ್ಯಾಸ ಅಂದಿನಿಂದ ಬಂತು.

ಇನ್ನು ಅಂಕಣ ಆಯ್ಕೆ. ಒಂದು ಮೂಲೆಯಲ್ಲಿ ಕ್ಲಿಕ್ ಮಾಡಿ, ಶಿಫ್ಟ್+ಆಲ್ಟ್ ಹಿಡಿದು ಎದುರು ಮೂಲೆಗೆ ಮೌಸ್ ಎಳೆದರೆ ಚೌಕವೊಂದು ಆಯ್ಕೆಯಾಗುತ್ತದೆ. ಕೀಲಿಮಣೆಯಿಂದಲೇ ಆಗಬೇಕಾದರೆ ಕಂಟ್ರೋಲ್+ಶಿಫ್ಟ್+ಆಲ್ಟ್ ಮತ್ತು ಬಾಣ. ಇದು ಅರ್ಥ ನೋಡುವುದಿಲ್ಲ, ಜಾಗ ನೋಡುತ್ತದೆ. ಲಾಗ್ ಫೈಲಿನ ಪ್ರತಿ ಸಾಲೂ 2024-03-05 10:41:22 ಎಂಬಂತೆ 19 ಅಕ್ಷರಗಳ ಸಮಯದೊಂದಿಗೆ ಶುರುವಾಗುತ್ತಿದ್ದರೆ ಆ ಪಟ್ಟಿಯನ್ನು ಒಂದೇ ಏಟಿಗೆ ಕತ್ತರಿಸಲು ಇದೇ ಸರಿ. ಕೋಬಾಲ್ ನೋಡಿಕೊಳ್ಳುವವರಿಗಂತೂ ಇದಿಲ್ಲದೆ ದಿನ ಸಾಗದು. ಪಂಚ್ ಕಾರ್ಡಿನ 80 ಅಂಕಣಗಳ ಕಾಲದ ಆ ಭಾಷೆಯ ಸಾಂಪ್ರದಾಯಿಕ ವಿನ್ಯಾಸದಲ್ಲಿ 7ನೇ ಅಂಕಣಕ್ಕೆ ನಕ್ಷತ್ರ ಚಿಹ್ನೆ ಬಿದ್ದರೆ ಆ ಸಾಲು ಟಿಪ್ಪಣಿಯಾಗುತ್ತದೆ, 6ಕ್ಕೋ 8ಕ್ಕೋ ಬಿದ್ದರೆ ಆಗುವುದಿಲ್ಲ.

ಕನ್ನಡ ಪಠ್ಯದ ಮೇಲೆ ಇದೇ ಚೌಕ ಎಳೆದರೆ ಅಂಚು ಹಲ್ಲುಮುರಿದ ಬಾಚಣಿಗೆಯಂತಾಗುತ್ತದೆ. ಇಂಗ್ಲಿಷಿಗೆ ಸಮಾನ ಅಗಲದ ಫಾಂಟುಗಳಿವೆ, ನಮ್ಮ ಅಕ್ಷರಗಳ ಅಗಲ ಒಂದೊಂದಕ್ಕೊಂದೊಂದು. "ಸ್ತ್ರೀ" ಕಣ್ಣಿಗೆ ಒಂದೇ ಅಕ್ಷರ, ಯೂನಿಕೋಡಿನಲ್ಲಿ 6 ಸಂಕೇತಗಳು. ಹಾಗಾಗಿ ಎಡಿಟರ್ ಎಣಿಸುವ ಅಂಕಣಕ್ಕೂ ಪರದೆಯಲ್ಲಿ ಕಾಣುವ ಅಂಕಣಕ್ಕೂ ತಾಳೆಯಾಗುವುದಿಲ್ಲ. ಅನುವಾದದ ಫೈಲುಗಳಲ್ಲಿ ಕೀಲಿಪದ ಎಡಕ್ಕೆ, ಕನ್ನಡ ಬಲಕ್ಕೆ ಇರುವಂತೆ ನೋಡಿಕೊಂಡರೆ ಎಡಭಾಗದಲ್ಲಿ ಚೌಕ ಧಾರಾಳವಾಗಿ ಎಳೆಯಬಹುದು. ಕನ್ನಡ ಇರುವ ಭಾಗಕ್ಕೆ ಹೋಮ್, ಎಂಡ್ ಅಥವಾ ಕಂಟ್ರೋಲ್+ಡಿ ದಾರಿಯೇ ಕ್ಷೇಮ.

ಬೇರೆ ಎಡಿಟರುಗಳಿಂದ ಬಂದವರಿಗೆ ಒಂದೆರಡು ಮಾತು. ಸಬ್ಲೈಮ್ ಟೆಕ್ಸ್ಟಿನಲ್ಲಿ ಕಂಟ್ರೋಲ್+ಶಿಫ್ಟ್+ಎಲ್ ಆಯ್ಕೆಯನ್ನು ಸಾಲು ಸಾಲಾಗಿ ಒಡೆಯುತ್ತದೆ. ಅದೇ ರೂಢಿಯಲ್ಲಿ ವಿಎಸ್ ಕೋಡಿನಲ್ಲಿ 31 ಸಾಲು ಆಯ್ದು ಒತ್ತಿದರೆ ಏನೂ ಆಗದಂತೆ ಕಾಣುತ್ತದೆ, ಏಕೆಂದರೆ ಆ 31 ಸಾಲಿನ ಇಡೀ ಗುಂಪಿಗೆ ಇನ್ನೊಂದು ಪ್ರತಿ ಎಲ್ಲಿಯೂ ಇಲ್ಲ. ಜೆಟ್‌ಬ್ರೈನ್ಸ್ ಎಡಿಟರುಗಳಲ್ಲಿ ಮುಂದಿನ ಪ್ರತಿಗೆ ಆಲ್ಟ್+ಜೆ, ಅಂಕಣ ಆಯ್ಕೆಯನ್ನು ಆನ್ ಮಾಡಲು ಆಲ್ಟ್+ಶಿಫ್ಟ್+ಇನ್ಸರ್ಟ್. ನೋಟ್‌ಪ್ಯಾಡ್++ನಲ್ಲಿ ಆಲ್ಟ್ ಹಿಡಿದು ಎಳೆದ ಮೇಲೆ ಆಲ್ಟ್+ಸಿ ಒತ್ತಿದರೆ ಬರುವ ಕಿಟಕಿ ಅಂಕಣದುದ್ದಕ್ಕೂ ಏರಿಕೆಯ ಸಂಖ್ಯೆ ತುಂಬಿಕೊಡುತ್ತದೆ. ಸುಮ್ಮನೆ ಕ್ರಮಸಂಖ್ಯೆ ಹಾಕಬೇಕಾದಾಗ ನಾನು ಈಗಲೂ ಅದನ್ನೇ ತೆರೆಯುತ್ತೇನೆ.

ವಿಮ್‌ನಲ್ಲಿ ಕಂಟ್ರೋಲ್+ವಿ ಒತ್ತಿ ಚೌಕ ಆಯ್ದು, ದೊಡ್ಡಕ್ಷರದ ಐ ಒತ್ತಿ ಟೈಪ್ ಮಾಡಬೇಕು. ಟೈಪಿಸುವಾಗ ಮೊದಲ ಸಾಲು ಮಾತ್ರ ಬದಲಾಗುತ್ತದೆ. ಕೆಲಸ ಮಾಡಲಿಲ್ಲವೆಂದು ಹೊಸಬರು ಇಲ್ಲೇ ಕೈಬಿಡುವುದು. ಎಸ್ಕೇಪ್ ಒತ್ತಿ ನೋಡಿ, ಉಳಿದ ಸಾಲುಗಳಿಗೂ ಇಳಿಯುತ್ತದೆ. ಎಸ್ಕೇಪಿನ ಬದಲು ಕಂಟ್ರೋಲ್+ಸಿ ಒತ್ತುವ ಚಾಳಿಯಿದ್ದರೆ ಮೊದಲ ಸಾಲಿನಲ್ಲೇ ಉಳಿದುಬಿಡುತ್ತದೆ.