ಪಲ್ಪರ್ ನೀರು ಮತ್ತು ಪಾಲಿಮರ್ ಪೊರೆ

ಕಾಫಿ ಕೊಯ್ಲು ಶುರುವಾದರೆ ಚಿಕ್ಕಮಗಳೂರು ಕಡೆ ತೋಟದವರಿಗೆ ಪಲ್ಪರ್, ಅಂದರೆ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರದಿಂದ ಹೊರಬರುವ ನೀರಿನದೇ ಚಿಂತೆ. ಸಿಪ್ಪೆ, ಲೋಳೆ, ಸಕ್ಕರೆ ಸೇರಿದ ಈ ನೀರು ಬೇಗ ಹುಳಿಯುತ್ತದೆ. ಹಳ್ಳಕ್ಕೆ ಬಿಟ್ಟರೆ ಸೂಕ್ಷ್ಮಜೀವಿಗಳು ಅದನ್ನು ತಿನ್ನುತ್ತಾ ನೀರಿನ ಆಮ್ಲಜನಕವನ್ನೆಲ್ಲ ಖಾಲಿ ಮಾಡುತ್ತವೆ, ಮೀನು ಸಾಯುತ್ತವೆ. ಕ್ಲೋರೋಜೆನಿಕ್ ಆಮ್ಲದಂಥ ಫೀನಾಲ್ ಜಾತಿಯ ವಸ್ತುಗಳೂ ಅದರಲ್ಲಿವೆ. ಅವನ್ನು ಕರೆಂಟಿನಿಂದಲೇ ಅಳೆಯಬಹುದು!

ನೀರಲ್ಲಿ ಎಲೆಕ್ಟ್ರೋಡ್ (ಕರೆಂಟು ಹಾಯಿಸುವ ಕಡ್ಡಿ) ಇಳಿಸಿ ವೋಲ್ಟೇಜ್ ಏರಿಸುತ್ತಾ ಹೋಗಿ. ಒಂದು ಹಂತದಲ್ಲಿ ಕ್ಲೋರೋಜೆನಿಕ್ ಆಮ್ಲದ ಅಣು ಎರಡು ಎಲೆಕ್ಟ್ರಾನ್, ಎರಡು ಹೈಡ್ರೋಜನ್ ಅಯಾನು ಬಿಟ್ಟುಕೊಟ್ಟು ಕ್ವಿನೋನ್ ಅನ್ನೋ ಬೇರೆ ವಸ್ತು ಆಗುತ್ತದೆ. ಇದೇ ಉತ್ಕರ್ಷಣ. ಅಣುಗಳು ಜಾಸ್ತಿ ಇದ್ದಷ್ಟೂ ಕರೆಂಟು ಜಾಸ್ತಿ.

ಆದರೆ ಫೀನಾಲ್‌ಗಳದ್ದು ಒಂದು ಕಾಟ ಇದೆ. ಉತ್ಕರ್ಷಣೆಯಾದ ತುಣುಕುಗಳು ಒಂದಕ್ಕೊಂದು ಬೆಸೆದುಕೊಂಡು, ಹಾಲು ಸೀದ ಪಾತ್ರೆಯ ತಳದ ಹಾಗೆ, ಎಲೆಕ್ಟ್ರೋಡಿನ ಮೇಲೆ ಗಟ್ಟಿಯಾಗಿ ಕೂರುತ್ತವೆ. ಆ ಪದರದಲ್ಲಿ ಕರೆಂಟು ಹರಿಯಲ್ಲ. ಎರಡನೇ ಸಲ ಅಳೆದರೆ ಅದೇ ನೀರಿಗೆ ಕಡಿಮೆ ಲೆಕ್ಕ ಬರುತ್ತದೆ.

ಅದಕ್ಕೆ ಮೊದಲೇ, ಕರೆಂಟು ಹರಿಸುವಂಥ ಪಾಲಿಮರ್ (ಸಣ್ಣ ಅಣುಗಳು ಸರಪಳಿಯಾಗಿ ಬೆಸೆದ ವಸ್ತು) ಪೊರೆಯನ್ನು ನಾವೇ ಬೆಳೆಸಿಬಿಡೋದು ಒಳ್ಳೆ ಉಪಾಯ. ಆಮ್ಲದಲ್ಲಿ ಅನಿಲೀನ್ ಅನ್ನೋ ದ್ರವ ಕರಗಿಸಿ, ಎಲೆಕ್ಟ್ರೋಡ್ ಮುಳುಗಿಸಿ, ವೋಲ್ಟೇಜನ್ನು ಮೇಲೆ ಕೆಳಗೆ ಆಡಿಸಿದರೆ ಪ್ರತಿ ಸುತ್ತಿಗೂ ಅದರ ಪಾಲಿಮರ್ ಆದ ಹಸಿರು ಪಾಲಿಅನಿಲೀನ್ ಸ್ವಲ್ಪ ಸ್ವಲ್ಪ ದಪ್ಪವಾಗುತ್ತದೆ. ಎಷ್ಟು ದಪ್ಪ ಬೇಕೋ ಅಷ್ಟಕ್ಕೆ ನಿಲ್ಲಿಸಬಹುದು. ಪ್ಲಾಸ್ಟಿಕ್ ಜಾತಿಯದ್ದರಲ್ಲಿ ಕರೆಂಟು ಹರಿಯೋದು ಹೇಗೆ ಅಂತೀರಾ? 1977ರಲ್ಲಿ ವಿಜ್ಞಾನಿಗಳಾದ ಹೀಗರ್, ಮ್ಯಾಕ್‌ಡಯರ್ಮಿಡ್, ಶಿರಕಾವ ಅದನ್ನೇ ತೋರಿಸಿದ್ದು, 2000ದಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂದದ್ದೂ ಅದಕ್ಕೇ.

ನನಗೆ ಇದರಲ್ಲಿ ಎಲ್ಲಕ್ಕಿಂತ ಇಷ್ಟವಾಗೋದು, ಯಾವ ಅಣು ಒಳಗೆ ಬರಬೇಕು ಅಂತ ಪೊರೆಯೇ ಆರಿಸುವುದು. ಉದಾಹರಣೆಗೆ, ನ್ಯಾಫಿಯಾನ್ ಅನ್ನೋ ಇನ್ನೊಂದು ಪಾಲಿಮರ್ ಪೊರೆಯಲ್ಲಿ ಋಣ ಆವೇಶ ಇರುತ್ತದೆ. ಮಿದುಳಿನ ಸಂದೇಶ ಒಯ್ಯುವ ಡೋಪಮೀನ್ ಧನ, ಅದನ್ನು ಬಿಟ್ಟುಕೊಳ್ಳುತ್ತದೆ. ವಿಟಮಿನ್ ಸಿ ಋಣ, ಅದನ್ನು ತಳ್ಳುತ್ತದೆ. ಬರೀ ಕಾರ್ಬನ್ ಎಲೆಕ್ಟ್ರೋಡಿನಲ್ಲಿ ಎರಡೂ ಹತ್ತಿರ ಹತ್ತಿರದ ವೋಲ್ಟೇಜಿಗೇ ಉತ್ಕರ್ಷಣೆಯಾಗಿ ಲೆಕ್ಕ ಕೆಡಿಸುತ್ತವೆ ಅಲ್ವಾ, ಹಾಗಾಗಿ ಇದು ದೊಡ್ಡ ಅನುಕೂಲ. ಕ್ಲೋರೋಜೆನಿಕ್ ಆಮ್ಲ ಹುಳಿ ಕಡಿಮೆಯಿರುವ ನೀರಲ್ಲಿ ಋಣವಾಗುವುದರಿಂದ ಅದಕ್ಕೆ ಧನ ಆವೇಶದ, ಪಾಲಿಪಿರೋಲ್‌ನಂಥ ಪಾಲಿಮರೇ ಸರಿ.

ಆದರೆ ಇದೇ ಪೊರೆಯಿಂದ ಹೊಂಡದಲ್ಲಿ ನಿಂತ ಪಲ್ಪರ್ ನೀರನ್ನೆಲ್ಲ ಶುದ್ಧ ಮಾಡುತ್ತೇವೆ ಅಂದರೆ ನಾನು ಒಪ್ಪಲ್ಲ. ಅದಕ್ಕೆ ಬೇಕಾಗುವಷ್ಟು ಹೆಚ್ಚು ವೋಲ್ಟೇಜ್ ಕೊಟ್ಟರೆ ಪಾಲಿಪಿರೋಲ್ ತಾನೇ ಉತ್ಕರ್ಷಣೆಯಾಗಿ ಕರೆಂಟು ಹರಿಸುವ ಗುಣ ಕಳೆದುಕೊಳ್ಳುತ್ತದೆ. ಆ ಕೆಲಸಕ್ಕೆ ಬೋರಾನ್ ಬೆರೆಸಿದ ವಜ್ರದ ಎಲೆಕ್ಟ್ರೋಡ್ ಇದೆ. ಅದರ ಮೇಲೆ ನೀರಿನಿಂದಲೇ ಹುಟ್ಟುವ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಅನ್ನೋ ತೀವ್ರವಾಗಿ ವರ್ತಿಸುವ ಕಣಗಳು ಇಂಥ ಅಣುಗಳನ್ನು ಕಾರ್ಬನ್ ಡೈಆಕ್ಸೈಡ್ ಆಗುವವರೆಗೂ ಒಡೆಯುತ್ತವೆ. ಸಣ್ಣ ತೋಟದವರಿಗೆ ಅದರ ಬೆಲೆ ಮಾತ್ರ ಭಾರ.